ಹೊಳೆಯ ಗಡಿ ದಿಣ್ಣೆಯ ಮೇಲಿದೆ

ಸಣ್ಣ ಹೊಳೆಯೊಂದನ್ನು ಅರಿಯಲು ಹೊರಟವರು ನೇರವಾಗಿ ದಡಕ್ಕೆ ಹೋಗಿ ನಿಲ್ಲುತ್ತಾರೆ. ಆದರೆ ನೀರು ಎಷ್ಟು ಬರುತ್ತದೆ, ಮಳೆ ನಿಂತ ಮೇಲೆ ಎಷ್ಟು ದಿನ ಹರಿಯುತ್ತದೆ, ತಿಳಿಯಾಗಿ ಬರುತ್ತದೋ ಕೆಂಪಾಗಿ ಬರುತ್ತದೋ ಎನ್ನುವುದೆಲ್ಲ ತೀರ್ಮಾನವಾಗುವುದು ಮೇಲಿನ ಇಳಿಜಾರಿನಲ್ಲಿ. ಹಾಗಾಗಿ ಮೊದಲು ಜಲಾನಯನದ, ಅಂದರೆ ಬಿದ್ದ ಮಳೆನೀರು ಹೊಳೆಗೆ ಹರಿದು ಬರುವ ಇಡೀ ಪ್ರದೇಶದ, ಗಡಿ ಎಳೆಯಬೇಕು.

1:50,000 ಪ್ರಮಾಣದ ನಕ್ಷೆಯಲ್ಲಿ ಒಂದು ಬಿಂದು ಆರಿಸಿಕೊಳ್ಳಿ: ಸೇತುವೆಯೋ, ಎರಡು ಹಳ್ಳ ಕೂಡುವ ಜಾಗವೋ. ಬಿಂದು ಸರಿದರೆ ಜಲಾನಯನದ ವಿಸ್ತೀರ್ಣವೂ ಬದಲಾಗುತ್ತದೆ. ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತ ರೇಖೆಗಳು ಕಣಿವೆ ದಾಟುವಾಗ ಅವುಗಳ ಮೊನೆ ಮೇಲ್ಮುಖವಾಗಿರುತ್ತದೆ, ದಿಣ್ಣೆ ದಾಟುವಾಗ ಕೆಳಮುಖ. ಬಿಂದುವಿನಿಂದ ಎರಡೂ ಬದಿಗೆ, ರೇಖೆಗಳನ್ನು ಅಡ್ಡವಾಗಿ ಕತ್ತರಿಸುತ್ತ ದಿಣ್ಣೆಯ ನೆತ್ತಿ ಹತ್ತಿ, ನೆತ್ತಿಯುದ್ದಕ್ಕೂ ಸಾಗಿದರೆ ಎರಡು ಗೆರೆಗಳೂ ಮೇಲ್ತುದಿಯಲ್ಲಿ ಕೂಡುತ್ತವೆ. ಆರಂಭದ ಬಿಂದು ಬಿಟ್ಟು ಬೇರೆಲ್ಲಾದರೂ ಗೆರೆ ಹಳ್ಳವನ್ನು ದಾಟಿದ್ದರೆ ಅಲ್ಲಿ ತಪ್ಪಿದೆ ಎಂದೇ ಅರ್ಥ.

ಕಷ್ಟ ಎದುರಾಗುವುದು ಸಮತಟ್ಟು ನೆಲದಲ್ಲಿ. ರೇಖೆಗಳ ನಡುವಿನ ಎತ್ತರದ ಅಂತರ 20 ಮೀಟರ್ ಇದ್ದರೆ, ನೀರನ್ನು ಇಬ್ಭಾಗ ಮಾಡುವ 2 ಮೀಟರ್ ಏರು ನಕ್ಷೆಯಲ್ಲಿ ಕಾಣುವುದೇ ಇಲ್ಲ. ಕಂಪ್ಯೂಟರಿನ ಎತ್ತರದ ಮಾದರಿಯನ್ನೂ ಇಲ್ಲಿ ನಂಬುವಂತಿಲ್ಲ. ರಸ್ತೆಯ ಏರಿಯ ಅಡಿಯ ಮೋರಿ ಅದಕ್ಕೆ ಕಾಣದು, ಏರಿಯನ್ನೇ ಅಣೆಕಟ್ಟು ಎಂದುಕೊಳ್ಳುತ್ತದೆ. ಇದಕ್ಕೆ ಒಂದೇ ಮದ್ದು, ಜೋರು ಮಳೆಯಲ್ಲಿ ಗಡಿಯ ಮೇಲೆ ನಡೆಯುವುದು. ಒಂದು ಇಳಿಜಾರಿನ ನೀರನ್ನು ರಸ್ತೆಬದಿಯ ಚರಂಡಿ ಹೊತ್ತೊಯ್ದು ಪಕ್ಕದ ಕಣಿವೆಗೆ ಸುರಿಯುವುದು ಆಗ ಕಣ್ಣಿಗೆ ಬೀಳುತ್ತದೆ.

ಇಷ್ಟು ಕಾಳಜಿ ಯಾಕೆಂದರೆ, 1 ಚದರ ಕಿಲೋಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಅದು 10 ಲಕ್ಷ ಲೀಟರ್ ನೀರು. ಗಡಿ ಅರ್ಧ ಚದರ ಕಿಲೋಮೀಟರ್ ತಪ್ಪಿದರೆ 40 ಮಿಲಿಮೀಟರ್ ಮಳೆಯ ದಿನ ಲೆಕ್ಕದಲ್ಲಿ 2 ಕೋಟಿ ಲೀಟರ್ ಏರುಪೇರು.

ಗಡಿಯೊಳಗಿನ ತೊರೆಗಳಿಗೆ ದರ್ಜೆ ಕೊಡುವಾಗಲೂ ಒಂದು ತಪ್ಪು ಪದೇಪದೇ ಆಗುತ್ತದೆ. ಬೇರಾವ ತೊರೆಯೂ ಸೇರದ ತುದಿಯ ತೊರೆ ಒಂದನೇ ದರ್ಜೆಯದು, ಅಂಥ ಎರಡು ಕೂಡಿದರೆ ಎರಡನೇ ದರ್ಜೆ. ಆದರೆ ಎರಡನೆಯದಕ್ಕೆ ಒಂದನೆಯದು ಸೇರಿದರೆ ಅದು ಎರಡಾಗಿಯೇ ಉಳಿಯುತ್ತದೆ, ಮೂರಾಗುವುದಿಲ್ಲ. ಮಳೆಗಾಲದಲ್ಲಷ್ಟೇ ಹರಿಯುವ ಆ ಒಂದನೇ ದರ್ಜೆಯ ತೊರೆಗಳೇ ಸಾಮಾನ್ಯವಾಗಿ ಎಲ್ಲ ತೊರೆಗಳ ಒಟ್ಟು ಉದ್ದದ ಅರ್ಧಕ್ಕಿಂತ ಹೆಚ್ಚು. ಹೊಲ ಮಟ್ಟ ಮಾಡುವಾಗ ಮೊದಲು ಮುಚ್ಚಿಹೋಗುವವೂ ಅವೇ, ಇದು ನಿಜಕ್ಕೂ ಸಂಕಟದ ವಿಷಯ. ದಾರಿ ಕಳೆದುಕೊಂಡ ನೀರು ಎರಡೇ ಮಳೆಗೆ ಬದುವಿನ ಬುಡದಲ್ಲಿ ಹೊಸ ಕೊರಕಲು ಕೊರೆಯುತ್ತದೆ.

ಹರಿವು ಅಳೆಯಲು ದುಬಾರಿ ಯಂತ್ರ ಬೇಡ. ನೇರವಾಗಿ ಹರಿಯುವ 10 ಮೀಟರ್ ಉದ್ದದ ಜಾಗ ನೋಡಿಕೊಂಡು ಎರಡೂ ತುದಿಗೆ ಗುರುತು ಹಾಕಿ. ಅಗಲ 3 ಮೀಟರ್, ಅರ್ಧ ಮೀಟರಿಗೊಮ್ಮೆ ಕೋಲು ಇಳಿಸಿ ನೋಡಿದ ಆಳದ ಸರಾಸರಿ 0.2 ಮೀಟರ್ ಎನ್ನಿ, ಅಡ್ಡಕೊಯ್ತ 0.6 ಚದರ ಮೀಟರ್. ಅರ್ಧ ನೀರು ತುಂಬಿ ಮುಚ್ಚಳ ಬಿಗಿದ ಸಣ್ಣ ಬಾಟಲಿಯನ್ನು ಮೇಲಿನ ಗುರುತಿಗಿಂತ ಸ್ವಲ್ಪ ಮೇಲೆಯೇ ತೇಲಿಬಿಟ್ಟು ಐದು ಸಲ ಸಮಯ ನೋಡಿ. ಸರಾಸರಿ 25 ಸೆಕೆಂಡ್ ಬಂದರೆ ಮೇಲ್ಮೈ ವೇಗ ಸೆಕೆಂಡಿಗೆ 0.4 ಮೀಟರ್. ಇದನ್ನು 0.85ರಿಂದ ಗುಣಿಸಲೇಬೇಕು, ಏಕೆಂದರೆ ತಳಕ್ಕೂ ದಡಕ್ಕೂ ಉಜ್ಜಿಕೊಂಡು ಹೋಗುವ ನೀರು ನಿಧಾನ. ಕಲ್ಲುಗಳೇ ತುಂಬಿದ ತಳವಾದರೆ ಈ ಗುಣಕ ಇನ್ನೂ ಕಡಿಮೆ. ಉತ್ತರ ಸೆಕೆಂಡಿಗೆ ಸುಮಾರು 204 ಲೀಟರ್.

ಇದೇ ಅಳತೆಯನ್ನು ಕೊನೆಯ ಮಳೆಯಾಗಿ ಹತ್ತು ದಿನದ ಮೇಲೆ ಒಂದು ಕಿಲೋಮೀಟರ್ ಅಂತರದ ಎರಡು ಕಡೆ ಮಾಡಿ. ನಡುವೆ ಯಾವ ತೊರೆಯೂ ಸೇರದೆ ಕೆಳಗೆ ಹರಿವು ಹೆಚ್ಚಿದ್ದರೆ ಅಂತರ್ಜಲ ಹೊಳೆಗೆ ಒಸರುತ್ತಿದೆ. ಪಂಪು ಎತ್ತದೆಯೂ ಕಡಿಮೆಯಾಗಿದ್ದರೆ ಹೊಳೆಯೇ ನೆಲಕ್ಕೆ ಇಂಗುತ್ತಿದೆ.

ಮರಳು ತೆಗೆದ ಕಡೆ ಈ ಲೆಕ್ಕವೇ ತಿರುಗಿಬೀಳುವುದುಂಟು. ಗುಂಡಿಯ ಮೇಲಂಚು ಪ್ರವಾಹಕ್ಕೆ ಕುಸಿಯುತ್ತ ಮೇಲ್ಮುಖವಾಗಿ ಏರುತ್ತದೆ, ತಳ ಇಳಿಯುತ್ತದೆ, ಅದರ ಜೊತೆ ದಡದ ಬಾವಿಗಳ ಮಟ್ಟವೂ ಇಳಿಯುತ್ತದೆ. ಸೇತುವೆಯ ಕಂಬಕ್ಕೆ ತಳದ ಮಟ್ಟದಲ್ಲಿ ಬಣ್ಣದ ಗುರುತು ಹಾಕಿ, ಪ್ರತಿ ಮಳೆಗಾಲ ಮುಗಿದ ಮೇಲೆ ಅಲ್ಲಿಂದ ತಳಕ್ಕೆ ಟೇಪು ಹಿಡಿಯಿರಿ. ಕಂಬದ ಬುಡದಲ್ಲಷ್ಟೇ ಪ್ರವಾಹ ಕೊರೆದ ಗುಂಡಿ ಇರಬಹುದು. ಆದ್ದರಿಂದ ಕಂಬಗಳ ನಡುವಿನ ತಳವನ್ನೂ ಅಳೆದು ಬರೆದಿಡಿ.