ಕಾಯುವವರು ಯಾರು ಅಂತ ಒಮ್ಮೆ ನೋಡಿ

"ಹೊರಟ್ವಿ ಅಯ್ಯನವರೇ" ಅಂದರೆ ಇನ್ನೂ ಸ್ನಾನ ಆಗಿಲ್ಲ. "ದಾರೀಲಿದೀವಿ" ಅಂದರೆ ಸೀರೆಗೆ ಪಿನ್ ಹುಡುಕುತ್ತಿದ್ದಾರೆ. "ಇಲ್ಲೇ ಸಿಗ್ನಲ್‌ನಲ್ಲಿದೀವಿ" ಅಂದರೆ ಈಗ ನಿಜವಾಗಿಯೂ ಹೊರಟಿದ್ದಾರೆ. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಾಲ ಸಭಾಪಾಲಕನಾಗಿ ಮದುವೆ ಮಾಡಿಸುತ್ತಾ ಬಂದಿರುವ ನನಗೆ ಈ ಭಾಷೆ ಚೆನ್ನಾಗಿಯೇ ಬರುತ್ತದೆ.

ಹೊತ್ತಿಗೆ ಸರಿಯಾಗಿ ಬರುವುದು ಒಳ್ಳೆಯದು ಅಂತ ಯಾರಿಗೂ ಹೇಳಿಕೊಡಬೇಕಿಲ್ಲ. ತಡವಾದರೆ ನನಗೆ ಅಷ್ಟೇನೂ ಸಿಟ್ಟು ಬರುವುದಿಲ್ಲ. ತಡವಾಗಿ ಬಂದು, ಅದಕ್ಕೆ ಬೈಬಲ್ಲಿನಿಂದಲೇ ಸಾಕ್ಷಿ ಹುಡುಕಿಕೊಂಡು ಬರುತ್ತಾರಲ್ಲ, ಅದಕ್ಕೆ ಬರುತ್ತದೆ. ಒಮ್ಮೆ ಮೂರೂವರೆ ಮದುವೆಗೆ ನಾಲ್ಕೂ ಇಪ್ಪತ್ತಕ್ಕೆ ಕಾರಿನಿಂದ ಇಳಿದ ಮದುಮಗನ ಸೋದರಮಾವ ನನ್ನ ಹೆಗಲ ಮೇಲೆ ಕೈಯಿಟ್ಟು, "ಲಾಜರನ ಮನೆಗೆ ಯೇಸುಸ್ವಾಮಿನೂ ತಡವಾಗೇ ಹೋಗಿದ್ದಲ್ವಾ ಅಯ್ಯನವರೇ" ಅಂದರು. ನಗು ಬಂತು. ನಗಬಾರದು ಅಂತ ರಿಜಿಸ್ಟರ್ ತೆರೆದು ನೋಡುತ್ತಾ ನಿಂತೆ. ಯೋಹಾನ 11ನೇ ಅಧ್ಯಾಯದಲ್ಲಿ ಲಾಜರನಿಗೆ ಕಾಯಿಲೆ ಅಂತ ಸುದ್ದಿ ಬಂದ ಮೇಲೂ ಯೇಸು ಇದ್ದಲ್ಲೇ ಎರಡು ದಿನ ಉಳಿದದ್ದು ಬೇಕೆಂದೇ, ಸೂಟಿನ ಗುಂಡಿ ಕಿತ್ತುಹೋಯಿತು ಅಂತಲ್ಲ. ಇನ್ನು ಕೆಲವರು ಹತ್ತು ಕನ್ನಿಕೆಯರ ಸಾಮ್ಯ ಎತ್ತುತ್ತಾರೆ, ಅಲ್ಲಿ ತಡ ಮಾಡಿದವನು ಮದಲಿಂಗನೇ ಅಂತ. ನಿಜ. ಆದರೆ ಆ ಕಥೆ ಸಿದ್ಧವಾಗಿ ಕಾದಿದ್ದವರನ್ನು ಮಾತ್ರ ಒಳಗೆ ಬಿಟ್ಟು ಬಾಗಿಲು ಮುಚ್ಚುತ್ತದೆ ಅನ್ನುವುದನ್ನೂ ಓದಬೇಕಲ್ಲ.

ಹುಡುಗ ಹುಡುಗಿಯರಲ್ಲಿ ಈಗ ಇನ್ನೊಂದು ಮಾತು ಶುರುವಾಗಿದೆ, "ಎಲ್ಲಾ ದೇವರ ಸಮಯಕ್ಕೆ ಆಗುತ್ತೆ" ಅಂತ. ಚರ್ಚಿನ ಯಾವುದೋ ಪ್ರಸಂಗದಲ್ಲಿ, ಅಂದರೆ ಬೋಧನೆಯಲ್ಲಿ, ಕೈರೋಸ್ ಅನ್ನುವ ಗ್ರೀಕ್ ಪದ ಕೇಳಿರುತ್ತಾರೆ. ಕ್ರೋನೋಸ್ ಅಂದರೆ ಗಡಿಯಾರದ ಕಾಲ, ಕೈರೋಸ್ ಅಂದರೆ ತಕ್ಕ ಕಾಲ. ಒಟ್ಟಾರೆ ತಪ್ಪಿಲ್ಲ. ಹಾಗಾಗಿ ನಾವು ಕೈರೋಸಿನವರು, ಗಡಿಯಾರ ಲೋಕದವರಿಗೆ ಅನ್ನುತ್ತಾರೆ! ಬೈಬಲ್ಲಿನಲ್ಲಿ ಎಫೆಸದವರಿಗೆ ಬರೆದ ಪತ್ರದ 5:16ರಲ್ಲಿ ಅಪೊಸ್ತಲ ಪೌಲ ಬಳಸಿರುವುದು ಇದೇ ಕೈರೋಸ್ ಪದವನ್ನೇ. ಆದರೆ ಅದರ ಪಕ್ಕದಲ್ಲಿರುವ ಕ್ರಿಯಾಪದವನ್ನು ಯಾರೂ ನೋಡುವುದಿಲ್ಲ. ಕಾಲವನ್ನು ಸುಮ್ಮನೆ ಕಳೆದುಕೊಳ್ಳದೆ ಉಪಯೋಗಿಸಿಕೊಳ್ಳಿ ಅಂತ ನಾವು ಕನ್ನಡದಲ್ಲಿ ಓದುವ ಕಡೆ ಮೂಲದಲ್ಲಿರುವುದು ಕೊಂಡುಕೊಳ್ಳುವುದು ಅನ್ನುವ ಪದ. ಸಂತೆ ಅನ್ನುವ ಅರ್ಥದ ಪದದಿಂದಲೇ ಹುಟ್ಟಿದ್ದು ಅದು. ಸಂತೆಗೆ ಹೋಗಿ ದುಡ್ಡು ಕೊಟ್ಟು ತರುವ ಹಾಗೆ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಎಷ್ಟು ಹೇಳಿದರೂ ಜನರಿಗೆ ಹಿಡಿಸದ ವಿಷಯ ಇದೇ. ಈ ವಚನ ಕೇಳಿದ ಕೂಡಲೇ ನಮ್ಮವರು ದಿನಕ್ಕೆ ಇನ್ನೂ ನಾಲ್ಕು ಕೆಲಸ ತುರುಕುತ್ತಾರೆ. ಮದುವೆಗೆ ಹೋಗುವ ದಾರಿಯಲ್ಲಿ ಬ್ಯಾಂಕು, ಬ್ಯಾಂಕಿನ ಪಕ್ಕದಲ್ಲಿ ದರ್ಜಿ, ಹೇಗೂ ಬಂದೆವಲ್ಲ ಅಂತ ಚಿಕ್ಕಮ್ಮನ ಮನೆ. ಸಮಯ ಉಳಿಸಿದೆವು ಅಂದುಕೊಂಡು ಅರ್ಧ ಗಂಟೆ ತಡವಾಗಿ ಬರುತ್ತಾರೆ. ಆದರೆ ಕೊಳ್ಳಬೇಕಾದರೆ ಬೆಲೆ ಕೊಡಬೇಕಲ್ಲ? ಹತ್ತು ಜನ ಒಂದು ಕಡೆ ಸೇರಬೇಕು ಅಂದರೆ ಯಾರಾದರೂ ಸ್ವಲ್ಪ ಹೊತ್ತು ಕಾಯಲೇಬೇಕು, ಎಲ್ಲರೂ ಒಂದೇ ಕ್ಷಣಕ್ಕೆ ಬಾಗಿಲಲ್ಲಿ ಕಾಲಿಡಲು ಆಗುವುದಿಲ್ಲ. ಹತ್ತು ನಿಮಿಷ ಮುಂಚೆ ಬಂದು ಬೆಂಚಿನ ಮೇಲೆ ಸುಮ್ನೆ ಕೂತಿರುವವನು ಆ ಬೆಲೆಯನ್ನು ತನ್ನ ಕಿಸೆಯಿಂದ ಕೊಟ್ಟಿದ್ದಾನೆ. ತಡವಾಗಿ ಬಂದವನ ಸಮಯಕ್ಕೂ ಬೆಲೆ ಸಂದಿದೆ, ಆದರೆ ಇನ್ನೊಬ್ಬರ ಕಿಸೆಯಿಂದ.

ಆ ಇನ್ನೊಬ್ಬರು ಯಾರು ಅಂತ ಒಮ್ಮೆ ನೋಡಿ. ಹಾಡುವ ತಂಡದ, ಅಂದರೆ ಕ್ವಾಯರ್‌ನ ಮಕ್ಕಳು, ಹಸಿದಿರುತ್ತವೆ. ಕೀಬೋರ್ಡ್ ನುಡಿಸುವ ಹುಡುಗ, ಅವನಿಗೆ ಸಂಜೆ ಇನ್ನೊಂದು ಕಡೆ ಕಾರ್ಯಕ್ರಮ ಇರುತ್ತದೆ. ಗಂಟೆ ಹೊಡೆಯುವ ನಮ್ಮ ಅಣ್ಣ. ಅಡುಗೆಯವರು, ಬಾಡಿಗೆ ಗಾಡಿಯ ಡ್ರೈವರ್. ಇದೇ ಮನೆಯವರು ವೀಸಾ ಸಂದರ್ಶನಕ್ಕೆ ಎರಡು ಗಂಟೆ ಮುಂಚೆಯೇ ಹೋಗಿ ಫುಟ್‌ಪಾತ್ ಮೇಲೆ ನಿಂತಿರುತ್ತಾರೆ. ಡಿಸಿ ಆಫೀಸಿಗೆ ಯಾರೂ ತಡವಾಗಿ ಹೋಗುವುದಿಲ್ಲ. ತಡವಾದರೂ ಏನೂ ಮಾಡಲಾಗದವರ ಹತ್ತಿರ ಮಾತ್ರ ನಮಗೆ ತಡವಾಗುತ್ತದೆ. ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಅನ್ನುವುದರಲ್ಲಿ ಅವನ ನಾಲ್ಕು ಗಂಟೆಯೂ ಸೇರಿದೆ.

ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಸಭೆಯವರೇ ಹೇಳುತ್ತಾರೆ. ನಡೆದಾಡಲು ಆಗದ ಒಬ್ಬ ಅಜ್ಜಿಗೆ ಮನೆಯಲ್ಲೇ ಕರ್ತನ ಭೋಜನ, ಅಂದರೆ ಯೇಸುವಿನ ನೆನಪಿನ ರೊಟ್ಟಿ ಮತ್ತು ದ್ರಾಕ್ಷಾರಸ, ಕೊಡಲು ಬೆಳಿಗ್ಗೆ 9 ಗಂಟೆಗೆ ಬರುತ್ತೇನೆ ಅಂದಿದ್ದೆ. ದಾರಿಯಲ್ಲಿ ಇನ್ನೊಂದು ಮನೆಯವರು ಕರೆದರು, ಚಹಾ ಕುಡಿದೆ, ಉಪ್ಪಿಟ್ಟು ಬಂತು, ಪ್ರಾರ್ಥನೆ ಮಾಡಿಸಿದೆ. ಅಜ್ಜಿಯ ಮನೆ ತಲುಪಿದಾಗ 11.15. ಹಳೇ ಕಾಲದವರು, ಭೋಜನಕ್ಕೆ ಮುಂಚೆ ಏನೂ ತಿನ್ನಬಾರದು ಅನ್ನುವ ನಿಯಮ ಇಟ್ಟುಕೊಂಡಿದ್ದವರು. ಅಯ್ಯನವರು ಒಂಬತ್ತಕ್ಕೆ ಬಂದೇ ಬರುತ್ತಾರೆ ಅಂತ ಸಕ್ಕರೆ ಕಾಯಿಲೆಯ ಮಾತ್ರೆ ಮಾತ್ರ ನುಂಗಿ ಕೂತಿದ್ದರು. ನಾನು ಹೋದಾಗ ಮೈಯೆಲ್ಲಾ ಬೆವರು, ಕೈ ನಡುಗುತ್ತಿತ್ತು. ಮೊದಲು ಸಕ್ಕರೆ ನೀರು ಕುಡಿಸಿ, ಆಮೇಲೆ ಭೋಜನ ಕೊಟ್ಟೆ. ಅವರು ಒಂದು ಮಾತೂ ಅನ್ನಲಿಲ್ಲ. "ಬಿಸಿಲಲ್ಲಿ ಬಂದಿರಿ ಪಾಪ" ಅಂದರು. ಆ ಉಪ್ಪಿಟ್ಟಿನ ಮನೆಯವರಿಗೆ ನಾನು "ಇಲ್ಲ, ಆಮೇಲೆ ಬರ್ತೀನಿ" ಅಂದಿದ್ದರೆ ಅವರೇನೂ ಸಭೆ ಬಿಟ್ಟು ಹೋಗುತ್ತಿರಲಿಲ್ಲ. ಪ್ರಸಂಗದ ಬಗ್ಗೆಯೂ ಒಪ್ಪಿಕೊಳ್ಳುತ್ತೇನೆ. 20 ನಿಮಿಷ ಅಂತ ಶುರುಮಾಡಿ 45ಕ್ಕೆ ಮುಗಿಸುವ ಸಭಾಪಾಲಕನಿಗೆ ಬೇರೆಯವರ ಗಡಿಯಾರದ ಬಗ್ಗೆ ಮಾತಾಡುವ ಹಕ್ಕು ಕಡಿಮೆ.

ಈಗ ಇನ್ನೊಂದು ಮುಖ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 11ನೇ ಅಧ್ಯಾಯದಲ್ಲಿ ಪೌಲ ಬೈಯುವುದು ಮುಂಚೆ ಬಂದವರಿಗೆ. ಅವರು ಮೊದಲೇ ಉಂಡು ಕುಡಿದು ಮುಗಿಸುತ್ತಿದ್ದರು, ಉಳಿದವರು ಹಸಿದುಕೊಂಡಿರುತ್ತಿದ್ದರು. ಹಿಂದೆ ಬೀಳುತ್ತಿದ್ದವರು ಕೂಲಿಯವರು, ದಾಸರು, ಯಜಮಾನನ ಕೆಲಸ ಮುಗಿಸದೆ ಬರಲಾಗದವರು ಇರಬೇಕು ಅಂತ ಎಷ್ಟೋ ವ್ಯಾಖ್ಯಾನಕಾರರು ಹೇಳುತ್ತಾರೆ. ಊಟಕ್ಕೆ ಕೂಡಿಬಂದಾಗ ಒಬ್ಬರಿಗೊಬ್ಬರು ಕಾದುಕೊಂಡಿರಿ ಅಂತ ಪೌಲ ಹೇಳುತ್ತಾನೆ. ಹಾಗಾದರೆ ತಡವಾಗಿ ಬಂದವರೆಲ್ಲ ಒಂದೇ ಅಲ್ಲ. ನಮ್ಮ ಸಭೆಯಲ್ಲಿ ಒಬ್ಬ ನರ್ಸ್ ಇದ್ದಾರೆ, ಶನಿವಾರ ರಾತ್ರಿ ಪಾಳಿ ಮುಗಿಸಿ ಬಸ್ಸು ಹಿಡಿದು ಬರುವಾಗ ಆರಾಧನೆ ಅರ್ಧ ಆಗಿರುತ್ತದೆ. ಅವರು ಒಳಗೆ ಬಂದಾಗ ತಿರುಗಿ ನೋಡುವವರಿಗೆ ನಾನು ಕಣ್ಣಲ್ಲೇ ಬೈಯುತ್ತೇನೆ. ದಾರಿಯಲ್ಲಿ ಬಿದ್ದವರನ್ನು ಆಸ್ಪತ್ರೆಗೆ ಸೇರಿಸಿ ಮದುವೆಗೆ ತಡವಾಗಿ ಬಂದರೆ ನಾನೇ ಎದ್ದು ಜಾಗ ಕೊಡುತ್ತೇನೆ. ಸಾಯುವ ಸ್ಥಿತಿಯಲ್ಲಿದ್ದ ಯಾಯೀರನ ಮಗಳನ್ನು ಉಳಿಸಲು ಹೊರಟಾಗಲೂ ಯೇಸು ದಾರಿಯಲ್ಲಿ ಒಬ್ಬ ಕಾಯಿಲೆಯ ಹೆಂಗಸಿಗಾಗಿ ನಿಂತದ್ದನ್ನು ಮರೆತು ಗಡಿಯಾರವನ್ನೇ ಪೂಜೆ ಮಾಡಿದರೆ ಅದೂ ಕ್ರೈಸ್ತತನ ಅಲ್ಲ.

ಇಟಲಿಯಲ್ಲಿ 6ನೇ ಶತಮಾನದಲ್ಲಿ ಸಂತ ಬೆನೆಡಿಕ್ಟ್ ತನ್ನ ಮಠದವರಿಗೆ ಬರೆದ ನಿಯಮದಲ್ಲಿ ತಡವಾಗಿ ಬರುವವರಿಗೆಂದೇ ಒಂದು ಅಧ್ಯಾಯ ಇದೆ, 43ನೆಯದು. ನನಗೆ ತುಂಬಾ ಇಷ್ಟ. ರಾತ್ರಿಯ ಪ್ರಾರ್ಥನೆಯ ಶುರುವಿಗೆ ಬರುವ ಒಂದು ಕೀರ್ತನೆಯನ್ನು, ನಮ್ಮ ಬೈಬಲ್ಲಿನಲ್ಲಿ ಅದು 95ನೆಯದು, ನಿಧಾನವಾಗಿ ಎಳೆದು ಹೇಳಿ ಅನ್ನುತ್ತಾನೆ, ನಿದ್ದೆಗಣ್ಣಿನಲ್ಲಿ ಓಡಿಬರುವವರು ಅದು ಮುಗಿಯುವುದರೊಳಗೆ ಸೇರಿಕೊಳ್ಳಲಿ ಅಂತ. ಅದೂ ತಪ್ಪಿದರೆ ಕಡೆಯಲ್ಲಿ ನಿಲ್ಲಬೇಕು, ಎಲ್ಲರಿಗೂ ಕಾಣುವಂತೆ. ಹೊರಗೇ ಬಿಡಬಾರದು, ಬಿಟ್ಟರೆ ವಾಪಸ್ ಹೋಗಿ ಮಲಗುತ್ತಾರೆ, ಇಲ್ಲಾ ಹರಟೆ ಹೊಡೆಯುತ್ತಾ ಕೂರುತ್ತಾರೆ! ಮನುಷ್ಯರನ್ನು ಚೆನ್ನಾಗಿ ಬಲ್ಲವನು. ಭಾನುವಾರ ನಾನು ಮೊದಲ ಹಾಡಿನ ಎಲ್ಲಾ ಚರಣ ಹಾಡಿಸುವುದು ಯಾಕೆ ಅಂತ ಕೇಳುವವರಿಗೆ ಉತ್ತರ ಇದೇ.

ಮದುವೆಯ ವಿಷಯದಲ್ಲಿ ಮಾತ್ರ ನನಗೆ ಅಷ್ಟು ಉದಾರತೆ ಸಾಧ್ಯವಿಲ್ಲ, ಕಾನೂನು ಇದೆ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯ 10ನೇ ಕಲಂ ಪ್ರಕಾರ ಮದುವೆ ನಡೆಯಬೇಕಾದದ್ದು ಬೆಳಿಗ್ಗೆ 6ರಿಂದ ಸಂಜೆ 7ರೊಳಗೆ. ಗೊತ್ತಿದ್ದೂ ಹೊತ್ತು ಮೀರಿ ಮಾಡಿಸಿದರೆ 69ನೇ ಕಲಂನಲ್ಲಿ ಮೂರು ವರ್ಷದವರೆಗೆ ಸೆರೆವಾಸ, ಜುಲ್ಮಾನೆ. ಅದು ನನಗೆ, ಮದುಮಗನಿಗಲ್ಲ. ವಿಶೇಷ ಪರವಾನಗಿಯಂಥ ವಿನಾಯಿತಿಗಳಿವೆ, ನಾನು ವಕೀಲನಲ್ಲ, ನಿಮ್ಮ ಸಭೆಯಲ್ಲಿ ಕೇಳಿಕೊಳ್ಳಿ.

ಲಗ್ನಪತ್ರಿಕೆಯಲ್ಲಿ ಅರ್ಧ ಗಂಟೆ ಮುಂಚಿನ ಹೊತ್ತು ಅಚ್ಚು ಹಾಕಿಸೋಣ ಅಂತ ಪ್ರತಿ ವರ್ಷ ಯಾರಾದರೂ ಬರುತ್ತಾರೆ. ಬೇಡ. ಅದು ಸುಳ್ಳು, ಮತ್ತೆ ಅದರ ಶಿಕ್ಷೆ ಹೊತ್ತಿಗೆ ಸರಿಯಾಗಿ ಬಂದವರಿಗೇ. ಬದಲಿಗೆ ಹಿಂದಿನಿಂದ ಲೆಕ್ಕ ಹಾಕಿ. ಮನೆಯಿಂದ ಚರ್ಚಿಗೆ 20 ನಿಮಿಷ ಅಂತ ಎಲ್ಲರೂ ಬರೆಯುತ್ತಾರೆ. ಅಜ್ಜನನ್ನು ಮೆಟ್ಟಿಲು ಇಳಿಸಿ ಕಾರಿನಲ್ಲಿ ಕೂರಿಸುವುದಕ್ಕೆ ಹತ್ತು ನಿಮಿಷ ಅಂತ ಯಾರೂ ಬರೆಯುವುದಿಲ್ಲ. ಮನೆ ಬಾಗಿಲಿಗೆ ಬೀಗ ಹಾಕಿ, ಉಂಗುರ ಯಾರ ಹತ್ತಿರ ಇದೆ ಅಂತ ಕೂಗಾಡಿ, ಮತ್ತೆ ಬೀಗ ತೆಗೆಯುವುದಕ್ಕೆ ಇನ್ನೊಂದು ಹತ್ತು.

ಮುಂದಿನ ತಿಂಗಳು ಸಂಜೆ ಐದೂವರೆಗೆ ಒಂದು ಮದುವೆ ಇದೆ. ಏಳು ಗಂಟೆಯ ಕಾನೂನನ್ನು ಬಿಡಿಸಿ ಹೇಳಲು ಎರಡೂ ಕಡೆಯ ತಂದೆಯರನ್ನು ಬೆಳಿಗ್ಗೆ ಹತ್ತಕ್ಕೆ ಕರೆದಿದ್ದೆ. "ನೀವೇನೂ ಯೋಚನೆ ಮಾಡಬೇಡಿ ಅಯ್ಯನವರೇ, ಐದಕ್ಕೇ ಬಂದು ಕೂತಿರ್ತೀವಿ" ಅಂತ ಹುಡುಗನ ತಂದೆ ಧೈರ್ಯ ಹೇಳಿದರು. ಆಗ ಹನ್ನೊಂದೂ ಕಾಲು. ಹುಡುಗಿಯ ತಂದೆ ಇನ್ನೂ ಸಿಗ್ನಲ್‌ನಲ್ಲಿದ್ದರು.