ಒಂದು ಹೋಲ್‌ಗೆ ಎಷ್ಟು ಹೊಡೆತ ಸಾಕು? ಗಾಲ್ಫ್ ಕಲಿಯುವವರಿಗೆ ಮಿತಿಯ ಲೆಕ್ಕ

ಕಳೆದ ಶನಿವಾರ ಸಂಜೆ ಕಾರವಾರದ ಕೋಡಿಬಾಗದಲ್ಲಿ ಗೆಳೆಯರ ಮನೆ ಜಗುಲಿಯಲ್ಲಿ ನಿಯಮ ಓದಲು ಕೂತಿದ್ದೆವು. ಆಗ ಎದ್ದ ಪ್ರಶ್ನೆ ಇದು. ಕಮಿಟಿ ಒಂದು ಹೋಲ್‌ಗೆ 8 ಹೊಡೆತದ ಮಿತಿ ಇಟ್ಟಿದೆ. ಆಟಗಾರನಿಗೆ 11 ಆಗಿದೆ. ಕಾರ್ಡಿನಲ್ಲಿ ಏನು ಬರೆಯಬೇಕು? ಒಬ್ಬರು 8 ಅಂದರು. ಇನ್ನೊಬ್ಬರು 11 ಅಂದರು. ಮೂರನೆಯವರು "ಖಾಲಿ ಬಿಟ್ರೂ ನಡೀತದೆ" ಅಂದರು. ಅರ್ಧ ಗಂಟೆ ವಾದ ನಡೆಯಿತು. ಪುಸ್ತಕ ತೆಗೆದು ನೋಡಿದರೆ ಮೂವರೂ ಸರಿ!

ಅವತ್ತಿನ ಮಾತುಕತೆಯನ್ನೇ ಟಿಪ್ಪಣಿ ಮಾಡಿ ಇಲ್ಲಿ ಹಾಕುತ್ತಿದ್ದೇನೆ. ನನ್ನ ಹಾಗೆ ಈಗಷ್ಟೇ ಕಲಿಯುತ್ತಿರುವವರಿಗೆ ಉಪಯೋಗ ಆಗಬಹುದು. ಪಾರ್ ಅಂದರೆ ಒಂದು ಹೋಲ್‌ಗೆ ನಿಗದಿ ಮಾಡಿದ ಹೊಡೆತ, ಬೋಗಿ ಅಂದರೆ ಅದಕ್ಕಿಂತ ಒಂದು ಜಾಸ್ತಿ, ಹ್ಯಾಂಡಿಕ್ಯಾಪ್ ಅಂದರೆ ಆಟಗಾರನ ಮಟ್ಟಕ್ಕೆ ತಕ್ಕಂತೆ ಸಿಗುವ ರಿಯಾಯಿತಿ ಹೊಡೆತ. ಇಷ್ಟು ಗೊತ್ತಿದ್ದರೆ ಸಾಕು.

ಮೊದಲು ಮಿತಿ ಇಲ್ಲದ ಆಟ ನೋಡೋಣ. ಮಾಮೂಲಿ ಸ್ಟ್ರೋಕ್ ಪ್ಲೇನಲ್ಲಿ, ಅಂದರೆ ಒಟ್ಟು ಹೊಡೆತ ಎಣಿಸಿ ಕಡಿಮೆ ಇದ್ದವರು ಗೆಲ್ಲುವ ಆಟದಲ್ಲಿ, ಪ್ರತಿ ಹೋಲ್‌ನಲ್ಲೂ ಚೆಂಡು ಗುಳಿಗೆ ಬೀಳಲೇಬೇಕು. ಒಂದು ಗೇಣು ದೂರದಲ್ಲಿದ್ದರೂ "ಬಿಡಿ, ಅದು ಹೋದ ಹಾಗೇ ಲೆಕ್ಕ" ಅನ್ನುವಂತಿಲ್ಲ. ಚೆಂಡು ಎತ್ತಿಕೊಂಡು, ಆ ತಪ್ಪನ್ನು ಸರಿಪಡಿಸದೆ ಮುಂದಿನ ಹೋಲ್‌ನ ಟೀಯಿಂದ (ಮೊದಲ ಹೊಡೆತದ ಜಾಗ) ಹೊಡೆದರೆ ಸ್ಪರ್ಧೆಯಿಂದಲೇ ಹೊರಗೆ. ಎಷ್ಟು ಹೊಡೆತ ಆದರೂ ಅಷ್ಟೂ ಲೆಕ್ಕಕ್ಕೆ ಬರುತ್ತದೆ. ದೊಡ್ಡ ಆಟಗಾರರಿಗೂ ಇದೇ. 2011ರ ಟೆಕ್ಸಸ್ ಓಪನ್‌ನಲ್ಲಿ ಕೆವಿನ್ ನಾ ಪಾರ್ 4ರ ಹೋಲ್‌ನಲ್ಲಿ ಮರಗಳ ನಡುವೆ ಸಿಕ್ಕಿಹಾಕಿಕೊಂಡು 16 ಹೊಡೆದರು. 2018ರ ಮಾಸ್ಟರ್ಸ್‌ನಲ್ಲಿ ಸೆರ್ಜಿಯೊ ಗಾರ್ಸಿಯಾ 15ನೇ ಹೋಲ್‌ನಲ್ಲಿ ಮತ್ತೆ ಮತ್ತೆ ನೀರಿಗೆ ಹಾಕಿ 13 ಮಾಡಿದರು. ಒಂದು ಹೊಡೆತವನ್ನೂ ಯಾರೂ ಬಿಟ್ಟುಕೊಡಲಿಲ್ಲ.

ಅವರಿಗೆ ಅದು ಸರಿ. ಆದರೆ ಭಾನುವಾರ ಬೆಳಿಗ್ಗೆ ನಲವತ್ತು ಜನ ಆಡುವ ಕ್ಲಬ್ ಸ್ಪರ್ಧೆಯಲ್ಲಿ ಒಬ್ಬರು ಒಂದೇ ಹೋಲ್‌ನಲ್ಲಿ 16 ಹೊಡೆಯುತ್ತಾ ನಿಂತರೆ ಏನಾಗುತ್ತದೆ? ದೇವಿಮನೆ ಘಟ್ಟದ ತಿರುವಿನಲ್ಲಿ ಒಂದು ಲಾರಿ ಕೆಟ್ಟು ನಿಂತ ಹಾಗೆ. ಹಿಂದಿನವರೆಲ್ಲ ಕಾಯಬೇಕು. ನಿಯಮದ ಪ್ರಕಾರ ಕಳೆದ ಚೆಂಡನ್ನು ಹುಡುಕಲು 3 ನಿಮಿಷ ಸಮಯ. ಒಂದು ಹೊಡೆತಕ್ಕೆ 40 ಸೆಕೆಂಡ್ ಮೀರದಿರಲಿ ಎಂಬ ಸಲಹೆಯೂ ಇದೆ. ಹತ್ತು ಹೊಡೆತ, ನಡುವೆ ಎರಡು ಸಲ ಹುಡುಕಾಟ ಅಂತ ಲೆಕ್ಕ ಹಾಕಿ ನೋಡಿ, ಗೊತ್ತಾಗುತ್ತದೆ.

ಇದಕ್ಕಾಗಿಯೇ 2019ರ ಜನವರಿಯಿಂದ ಜಾರಿಗೆ ಬಂದ ಹೊಸ ನಿಯಮಗಳಲ್ಲಿ 'ಮ್ಯಾಕ್ಸಿಮಮ್ ಸ್ಕೋರ್' ಅನ್ನುವ ಆಟದ ಬಗೆಯೊಂದನ್ನು ಸೇರಿಸಿದರು. ನಿಯಮ 21.2. ಇದೂ ಸ್ಟ್ರೋಕ್ ಪ್ಲೇಯೇ. ಆದರೆ ಪ್ರತಿ ಹೋಲ್‌ಗೂ ಒಂದು ಗರಿಷ್ಠ ಸಂಖ್ಯೆ ಇರುತ್ತದೆ. ಅದನ್ನು ಗೊತ್ತು ಮಾಡುವುದು ಸ್ಪರ್ಧೆಯ ಕಮಿಟಿ. ಮಿತಿ ಮುಟ್ಟಿದಾಗ ಆ ಹೋಲ್ ಮುಗಿದ ಹಾಗೆ. ಚೆಂಡು ಎತ್ತಿಕೊಂಡು ನಡೆಯಿರಿ ಎಂದು ನಿಯಮವೇ ಪ್ರೋತ್ಸಾಹ ಕೊಡುತ್ತದೆ. ಚೆಂಡು ಗುಳಿಗೆ ಹಾಕದಿದ್ದರೆ ಹೊರಹಾಕುವುದಿಲ್ಲ, ಮಿತಿಯ ಅಂಕ ಬರೆದುಕೊಳ್ಳುತ್ತಾರೆ ಅಷ್ಟೆ.

ಈಗ ಮೊದಲಿನ ಪ್ರಶ್ನೆ. ಮಿತಿ 8 ಇದ್ದಾಗ ಕಾರ್ಡಿನಲ್ಲಿ 8 ಬರೆದರೂ ಸರಿ, 11 ಬರೆದರೂ ಸರಿ, ಖಾಲಿ ಬಿಟ್ಟರೂ ಸರಿ. ಮೂರಕ್ಕೂ ಕಮಿಟಿ 8 ಅಂತಲೇ ಹಿಡಿಯುತ್ತದೆ. ಮಾಡಬಾರದ್ದು ಒಂದೇ. 8 ಅಥವಾ ಅದಕ್ಕಿಂತ ಜಾಸ್ತಿ ಆಗಿದ್ದು 7 ಅಂತ ಬರೆದು ಸಹಿ ಹಾಕಿ ಕೊಟ್ಟರೆ ಸ್ಪರ್ಧೆಯಿಂದ ಹೊರಗೆ. ಹಾಗಾಗಿ ಎಣಿಕೆ ತಪ್ಪಬಾರದು. ಪೆನಾಲ್ಟಿ ಹೊಡೆತಗಳೂ ಎಣಿಕೆಗೆ ಸೇರುತ್ತವೆ ಅನ್ನುವುದು ಬಹಳ ಜನರಿಗೆ ಮರೆತುಹೋಗುತ್ತದೆ.

ಇದನ್ನು ನಾವು ಮಾಡಿ ನೋಡಿದೆವು. ಶಿರಸಿ ಕಡೆ ನಮ್ಮ ಭಾವನ ಅಡಿಕೆ ತೋಟದ ಮೇಲ್ಗಡೆ ಒಂದು ಬೇಣ ಇದೆ. ದನ ಮೇಯ್ದು ಹುಲ್ಲು ಗಿಡ್ಡ ಆದಮೇಲೆ ಅಲ್ಲಿ ಹಾಲಿನ ಪುಡಿಯ ಡಬ್ಬಿ ಹೂತು ಆರು ಹೋಲ್ ಮಾಡಿಕೊಂಡಿದ್ದೇವೆ. ಎಲ್ಲವೂ ಪಾರ್ 3. ಮಿತಿ ಪಾರ್‌ನ ಎರಡು ಪಟ್ಟು, ಅಂದರೆ 6. ನಾಲ್ಕನೇ ಹೋಲ್‌ನಲ್ಲಿ ಭಾವನ ಮೊದಲ ಹೊಡೆತ ಇಳಿಜಾರಿನಲ್ಲಿ ಉರುಳಿ ತೋಟದ ಕಾಲುವೆಗೆ ಹೋಯಿತು. ಒಂದು. ಹೊರಗೆ ಚೆಂಡು ಇಟ್ಟುಕೊಂಡಿದ್ದಕ್ಕೆ ಪೆನಾಲ್ಟಿ. ಎರಡು. ಮುಂದಿನದ್ದು ಬೇಲಿಯ ಬುಡಕ್ಕೆ. ಮೂರು. ಅಲ್ಲಿಂದ ಒದ್ದಾಡಿ ತೆಗೆದಿದ್ದು ನಾಲ್ಕು. ಐದನೆಯದು ಡಬ್ಬಿ ದಾಟಿ ಆಚೆ ಹೋಯಿತು. ವಾಪಸ್ ತಂದಿದ್ದು ಆರು. ಡಬ್ಬಿ ಬರೀ ಎರಡು ಮಾರು ದೂರದಲ್ಲಿತ್ತು.

"ಭಾವ, ಚೆಂಡು ಎತ್ತು" ಅಂದೆ.

"ಇನ್ನೊಂದೇ ಮಾರಾಯಾ, ಡಬ್ಬಿ ಇಲ್ಲೇ ಕಾಣ್ತಾ ಇದೆ."

ಅವನ ಮುಖ ನೋಡಿ ನನಗೂ ಕಷ್ಟ ಆಯಿತು. ಆದರೆ ಆ ಇನ್ನೊಂದರಿಂದ ಅವನ ಅಂಕ ಬದಲಾಗುವುದಿಲ್ಲ. 6 ಆಗಲೇ ಬಿದ್ದಾಗಿದೆ. ಇದು ಅರ್ಥವಾದ ಮೇಲೆ ಅವನು ಸುಮ್ನೆ ಚೆಂಡು ಜೇಬಿಗೆ ಹಾಕಿಕೊಂಡ. ಐದನೇ ಹೋಲ್‌ನಲ್ಲಿ 3 ಮಾಡಿದ. ಮಿತಿ ಇಲ್ಲದಿದ್ದರೆ ಆ ನಾಲ್ಕನೇ ಹೋಲ್‌ನ ಸಿಟ್ಟಿನಲ್ಲೇ ಅವನು ಉಳಿದ ಆಟವನ್ನೂ ಕೆಡಿಸಿಕೊಳ್ಳುತ್ತಿದ್ದ ಅಂತ ನನ್ನ ನಂಬಿಕೆ.

ಇನ್ನು ಮುಖ್ಯ ವಿಷಯ. ಮಿತಿ ಎಷ್ಟು ಇಡಬೇಕು? ನಿಯಮ ಉದಾಹರಣೆಯಾಗಿ ಕೊಡುವುದು ಮೂರು ದಾರಿ: ಪಾರ್‌ನ ಎರಡು ಪಟ್ಟು, ಎಲ್ಲ ಹೋಲ್‌ಗೂ ಒಂದೇ ಸಂಖ್ಯೆ, ಇಲ್ಲವೇ ನೆಟ್ ಡಬಲ್ ಬೋಗಿ. ಹೇಳಲು ಮೊದಲೆರಡು ಸುಲಭ. ನೆಟ್ ಡಬಲ್ ಬೋಗಿ ಅಂದರೆ ಪಾರ್, ಅದಕ್ಕೆ 2 ಸೇರಿಸಿ, ಆ ಹೋಲ್‌ನಲ್ಲಿ ನಿಮ್ಮ ಹ್ಯಾಂಡಿಕ್ಯಾಪ್‌ನಿಂದ ಸಿಗುವ ಹೊಡೆತ ಸೇರಿಸಿ. ಯಾವ ಹೋಲ್‌ನಲ್ಲಿ ಎಷ್ಟು ಸಿಗುತ್ತದೆ ಅನ್ನುವುದನ್ನು ಸ್ಟ್ರೋಕ್ ಇಂಡೆಕ್ಸ್, ಅಂದರೆ ಹೊಡೆತ ಹಂಚಲು ಹೋಲ್‌ಗಳಿಗೆ ಕೊಟ್ಟ 1ರಿಂದ 18ರ ಕ್ರಮಸಂಖ್ಯೆ, ಹೇಳುತ್ತದೆ. ಹ್ಯಾಂಡಿಕ್ಯಾಪ್ 22 ಇದ್ದರೆ 18 ಹೋಲ್‌ಗೂ ಒಂದೊಂದು, ಉಳಿದ ನಾಲ್ಕು ಇಂಡೆಕ್ಸ್ 1ರಿಂದ 4ರವರೆಗಿನ ಹೋಲ್‌ಗಳಿಗೆ.

ಒಂದು ಪಾರ್ 3 ತೆಗೆದುಕೊಳ್ಳಿ, ಇಂಡೆಕ್ಸ್ 17. ಎರಡು ಪಟ್ಟಿನ ಮಿತಿ ಎಲ್ಲರಿಗೂ 6. ನೆಟ್ ಡಬಲ್ ಬೋಗಿ ಲೆಕ್ಕದಲ್ಲಿ ಹ್ಯಾಂಡಿಕ್ಯಾಪ್ 5 ಇರುವವರಿಗೆ 5, 22 ಇರುವವರಿಗೆ 6, 40 ಇರುವ ಹೊಸಬರಿಗೆ 7. ಈಗ ಒಂದು ಪಾರ್ 5, ಇಂಡೆಕ್ಸ್ 9. ಎರಡು ಪಟ್ಟು ಅಂದರೆ ಎಲ್ಲರಿಗೂ 10. ನೆಟ್ ಡಬಲ್ ಬೋಗಿಯಲ್ಲಿ ಅದೇ ಮೂವರಿಗೆ 7, 8, 9.

ಇಲ್ಲಿ ಸ್ವಲ್ಪ ನಿಂತು ನೋಡಿ. ಎರಡು ಪಟ್ಟಿನ ಮಿತಿ ಚಿಕ್ಕ ಹೋಲ್‌ನಲ್ಲಿ ಬಿಗಿ, ಉದ್ದ ಹೋಲ್‌ನಲ್ಲಿ ಸಡಿಲ. ಹೊಡೆತ ಜಾಸ್ತಿಯಾಗಿ, ಸಮಯ ಹೋಗುವುದು ಉದ್ದ ಹೋಲ್‌ನಲ್ಲೇ ಅಲ್ವಾ? ಮಿತಿ ಬೇಕಾದ ಜಾಗದಲ್ಲೇ ಅದು ಕೆಲಸಕ್ಕೆ ಬರುವುದಿಲ್ಲ. ಹಾಗಾಗಿ ಹ್ಯಾಂಡಿಕ್ಯಾಪ್ ಇರುವವರ ಸ್ಪರ್ಧೆಗೆ ನೆಟ್ ಡಬಲ್ ಬೋಗಿಯೇ ಒಳ್ಳೆಯದು ಅಂತ ನಾನು ಹೇಳುತ್ತೇನೆ. ನಮ್ಮ ಬೇಣದ ಆಟದ ಹಾಗೆ ಯಾರಿಗೂ ಹ್ಯಾಂಡಿಕ್ಯಾಪ್ ಇಲ್ಲದಿದ್ದರೆ, ಹೋಲ್‌ಗಳೆಲ್ಲ ಒಂದೇ ಅಳತೆಯಿದ್ದರೆ, ಎರಡು ಪಟ್ಟು ಸಾಕು.

ಮಿತಿಯಿಂದ ಗೆಲ್ಲುವವರೇ ಬದಲಾಗಬಹುದು. ಇದನ್ನು ಮುಚ್ಚಿಡಬಾರದು. ಒಂದೇ ಹ್ಯಾಂಡಿಕ್ಯಾಪ್‌ನ ಇಬ್ಬರು ಆಡಿದರು ಅಂದುಕೊಳ್ಳಿ. ಮೊದಲನೆಯವರು 17 ಹೋಲ್‌ಗೆ 88, ಒಂದು ಹೋಲ್‌ನಲ್ಲಿ 13, ಒಟ್ಟು 101. ಎರಡನೆಯವರು ಎಲ್ಲೂ 7 ದಾಟದೆ ಒಟ್ಟು 98. ಮಿತಿ ಇಲ್ಲದಿದ್ದರೆ ಎರಡನೆಯವರಿಗೆ 3 ಹೊಡೆತದ ಗೆಲುವು. ಮಿತಿ 8 ಇದ್ದರೆ ಮೊದಲನೆಯವರ ಮೊತ್ತ 96 ಆಗಿ ಅವರೇ ಗೆಲ್ಲುತ್ತಾರೆ. ಎರಡನೆಯವರು "ನಾನು ಜಾಗ್ರತೆಯಿಂದ ಆಡಿದ್ದಕ್ಕೆ ಬೆಲೆ ಇಲ್ವಾ?" ಅಂತ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಅದಕ್ಕೇ ಕ್ಲಬ್‌ನ ವಾರ್ಷಿಕ ಚಾಂಪಿಯನ್‌ಶಿಪ್‌ಗೆ ಮಿತಿ ಇಡಬಾರದು ಅನ್ನುವವನು ನಾನು. ವರ್ಷಕ್ಕೊಂದು ಸಲ ಪ್ರತಿ ಹೊಡೆತವೂ ಎಣಿಕೆಗೆ ಬರಲಿ. ವಾರದ ಆಟಕ್ಕೆ ಮಿತಿ ಇರಲಿ, ಆದರೆ ಅದನ್ನು ಆಟ ಶುರುವಾಗುವ ಮೊದಲೇ ಬೋರ್ಡಿನಲ್ಲಿ ಬರೆದಿರಲಿ.

ಸ್ಟೇಬಲ್‌ಫರ್ಡ್ (ಹೊಡೆತದ ಮೊತ್ತದ ಬದಲು ಪ್ರತಿ ಹೋಲ್‌ಗೂ ಅಂಕ ಕೊಡುವ ಆಟ) ಗೊತ್ತಿರುವವರು ಇಲ್ಲೊಂದು ಸಂಶಯ ಎತ್ತಬಹುದು. ಅದರಲ್ಲೂ ಕೆಟ್ಟ ಹೋಲ್‌ಗೆ ಸೊನ್ನೆ ಬಿದ್ದು ಅಲ್ಲಿಗೇ ಮುಗಿಯುತ್ತದಲ್ಲ, ಹೊಸದೇನು? ಒಳ್ಳೆಯ ಸಂಶಯ. ಸ್ಟೇಬಲ್‌ಫರ್ಡ್ ಹಳೆಯದು. ಡಾಕ್ಟರ್ ಫ್ರಾಂಕ್ ಸ್ಟೇಬಲ್‌ಫರ್ಡ್ ಅದರ ಮೊದಲ ರೂಪವನ್ನು 1898ರಲ್ಲಿ ವೇಲ್ಸ್‌ನ ಗ್ಲಾಮಾರ್ಗನ್‌ಶೈರ್ ಕ್ಲಬ್‌ನಲ್ಲಿ ಆಡಿಸಿದರು. ಈಗಿನ ರೂಪ 1932ರಲ್ಲಿ ಇಂಗ್ಲೆಂಡಿನ ವಾಲೆಸಿ ಕ್ಲಬ್‌ನಲ್ಲಿ ಬಂತು. ನೆಟ್ ಪಾರ್‌ಗೆ (ಹ್ಯಾಂಡಿಕ್ಯಾಪ್ ಹೊಡೆತ ಕಳೆದ ಮೇಲೆ ಪಾರ್) 2 ಅಂಕ, ಬರ್ಡಿಗೆ (ಪಾರ್‌ಗಿಂತ ಒಂದು ಕಡಿಮೆ) 3, ಬೋಗಿಗೆ 1, ಡಬಲ್ ಬೋಗಿ ಅಥವಾ ಅದಕ್ಕಿಂತ ಕೆಟ್ಟದ್ದಕ್ಕೆ 0.

ನೋಟ್‌ಬುಕ್ ತೆಗೆದು ಒಂದು ಹೋಲ್ ಬರೆದು ನೋಡಿ. ಪಾರ್ 4, ನಿಮಗೆ ಒಂದು ಹೊಡೆತ ಸಿಗುತ್ತದೆ, ಮಿತಿ 7. 7 ಆದರೆ 0 ಅಂಕ, 6 ಆದರೆ 1, 5 ಆದರೆ 2, 4 ಆದರೆ 3. ಒಂದು ಹೊಡೆತ ಕಡಿಮೆಯಾದಂತೆ ಒಂದು ಅಂಕ ಜಾಸ್ತಿ. ಅಂದರೆ ಮಿತಿ ನೆಟ್ ಡಬಲ್ ಬೋಗಿ ಆಗಿದ್ದು ಹ್ಯಾಂಡಿಕ್ಯಾಪ್ ಅದೇ ಇದ್ದರೆ ಎರಡೂ ಆಟದ ಫಲಿತಾಂಶ ಒಂದೇ! ಪಾರ್ 72ರ ಮೈದಾನದಲ್ಲಿ ಮಿತಿ ಹಾಕಿದ ನೆಟ್ 75 ಬಂದರೆ ಸ್ಟೇಬಲ್‌ಫರ್ಡ್‌ನಲ್ಲಿ 33 ಅಂಕ. ಪಾರ್‌ಗಿಂತ ಎಷ್ಟು ಮೇಲೆ ಹೋಗಿದೆಯೋ ಅಷ್ಟನ್ನು 36ರಿಂದ ಕಳೆಯಿರಿ. ಇದು ಹೊಳೆದ ರಾತ್ರಿ ನನಗೆ ನಿದ್ದೆಯೇ ಬರಲಿಲ್ಲ. ಅಷ್ಟು ಖುಷಿ. ಆಮೇಲೆ ಮೂರು ಹಳೆಯ ಕಾರ್ಡ್ ಹಿಡಿದು ಪರೀಕ್ಷೆ ಮಾಡಿದೆ, ಮೂರಕ್ಕೂ ಸರಿಯಾಗಿ ಕೂತಿತು. ಹೊಸಬರಿಗೆ ಯಾವುದು ಹಿತ ಅಂದರೆ ಮ್ಯಾಕ್ಸಿಮಮ್ ಸ್ಕೋರ್. ಆಡಿದ ಹೊಡೆತವೇ ಕಾರ್ಡಿನಲ್ಲಿ ಕಾಣುತ್ತದೆ, ಅಂಕಕ್ಕೆ ಬದಲಾಯಿಸುವ ಕೆಲಸ ಇಲ್ಲ.

ಕೊನೆಗೆ, ಎಲ್ಲರೂ ಎಡವುವ ಜಾಗ. ಇನ್ನೊಂದು ಮಿತಿ ಇದೆ, ಅದು ಹ್ಯಾಂಡಿಕ್ಯಾಪ್ ದಾಖಲೆಗೆ. 2020ರಲ್ಲಿ ಶುರುವಾದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಇತ್ತೀಚಿನ 20 ಸ್ಕೋರ್‌ಗಳಲ್ಲಿ ಒಳ್ಳೆಯ 8ನ್ನು ಹಿಡಿದು ಸರಾಸರಿ ಮಾಡುತ್ತಾರೆ. ಅಲ್ಲಿಗೆ ಹೋಗುವ ಪ್ರತಿ ಹೋಲ್‌ನ ಅಂಕವೂ ನೆಟ್ ಡಬಲ್ ಬೋಗಿ ದಾಟುವಂತಿಲ್ಲ. ಸ್ಪರ್ಧೆಯಲ್ಲಿ ಮಿತಿ ಇರಲಿ, ಇಲ್ಲದಿರಲಿ, ಇದು ಇದ್ದೇ ಇರುತ್ತದೆ. ಒಂದು ಕೆಟ್ಟ ಹೋಲ್‌ನಿಂದ ಹ್ಯಾಂಡಿಕ್ಯಾಪ್ ಸುಳ್ಳಾಗಬಾರದು ಅನ್ನುವುದು ಉದ್ದೇಶ. ಬೇಕಂತಲೇ 12 ಹೊಡೆದು ಹ್ಯಾಂಡಿಕ್ಯಾಪ್ ಏರಿಸಿಕೊಳ್ಳುವ ದಾರಿಯೂ ಇದರಿಂದ ಕಿರಿದಾಗುತ್ತದೆ. ಇನ್ನೂ ಹ್ಯಾಂಡಿಕ್ಯಾಪ್ ಸಿಗದ ಹೊಸಬರಿಗೆ ಆ ಮಿತಿ ಪಾರ್‌ಗೆ 5 ಸೇರಿಸಿದಷ್ಟು.

ಎರಡು ಮಿತಿಗಳು ಹೇಗೆ ಬೇರೆಯಾಗುತ್ತವೆ ನೋಡಿ. ದಾಖಲೆಗೆ ಪೂರ್ತಿ ಕೋರ್ಸ್ ಹ್ಯಾಂಡಿಕ್ಯಾಪ್, ಅಂದರೆ ಆ ಮೈದಾನಕ್ಕೆ ಲೆಕ್ಕ ಹಾಕಿದ ಹ್ಯಾಂಡಿಕ್ಯಾಪ್, ಹಿಡಿಯುತ್ತಾರೆ. ಒಬ್ಬೊಬ್ಬರೇ ಆಡುವ ಸ್ಟ್ರೋಕ್ ಪ್ಲೇ ಸ್ಪರ್ಧೆಗೆ ಸಾಮಾನ್ಯವಾಗಿ ಅದರ 95 ಶೇಕಡಾ. 22ರ 95 ಶೇಕಡಾ 20.9, ಅಂದರೆ 21. ಇಂಡೆಕ್ಸ್ 4ರ ಪಾರ್ 4 ಹೋಲ್‌ನಲ್ಲಿ 22ಕ್ಕೆ ಎರಡು ಹೊಡೆತ ಸಿಗುತ್ತದೆ, 21ಕ್ಕೆ ಒಂದೇ. ಹಾಗಾಗಿ ಅದೇ ಆಟಗಾರರಿಗೆ ಅದೇ ಹೋಲ್‌ನಲ್ಲಿ ಸ್ಪರ್ಧೆಯ ಮಿತಿ 7, ದಾಖಲೆಯ ಮಿತಿ 8. ಕಾರ್ಡ್ ಒಂದೇ, ಮೊತ್ತ ಎರಡು. ಸ್ಪರ್ಧೆಯ ಮೊತ್ತವನ್ನೇ ದಾಖಲೆಗೂ ಬರೆದುಬಿಟ್ಟರೆ ತಪ್ಪಾಗುತ್ತದೆ.

ಈ ಶನಿವಾರಕ್ಕೆ ಒಂದು ಲೆಕ್ಕ. ಕೋರ್ಸ್ ಹ್ಯಾಂಡಿಕ್ಯಾಪ್ 18, ಸ್ಪರ್ಧೆಗೆ 17. ಹೋಲ್ ಪಾರ್ 5, ಸ್ಟ್ರೋಕ್ ಇಂಡೆಕ್ಸ್ 18. ಆಟಗಾರನಿಗೆ 9 ಹೊಡೆತ ಆಗಿದೆ. ಮಿತಿ ಪಾರ್‌ನ ಎರಡು ಪಟ್ಟು ಇದ್ದರೆ ಸ್ಪರ್ಧೆಯಲ್ಲಿ ಎಷ್ಟು? ನೆಟ್ ಡಬಲ್ ಬೋಗಿ ಇದ್ದರೆ ಎಷ್ಟು? ದಾಖಲೆಗೆ ಎಷ್ಟು? ನನಗೆ ಬಂದ ಉತ್ತರ 9, 7, 8. ನಿಮಗೆ ಎರಡನೆಯದು 8 ಬಂದಿದ್ದರೆ 17ನ್ನು 18 ಹೋಲ್‌ಗೆ ಹಂಚಿದ್ದು ಎಲ್ಲಿ ಮುಗಿಯಿತು ಅಂತ ಇನ್ನೊಮ್ಮೆ ನೋಡಿ.