ರೋಡ್ ಟ್ಯಾಕ್ಸ್ ಕಟ್ಟಿದ ಮೇಲೂ ಟೋಲ್ ಯಾಕೆ?

ಮಂಗಳೂರು, ಉಡುಪಿ ಕಡೆ ಟೋಲ್ ವಿಷಯ ಎತ್ತಿದರೆ ಮೊದಲು ಬರುವ ಮಾತು ಇದೇ: ಗಾಡಿ ತೆಗೆಯುವಾಗಲೇ ರೋಡ್ ಟ್ಯಾಕ್ಸ್ ಕಟ್ಟಿದ್ದೇವೆ, ಮತ್ತೆ ಇದೆಂಥದ್ದು? ಸುಮ್ನೆ ಸಿಟ್ಟಿನ ಮಾತು ಅಂತ ತಳ್ಳಿಹಾಕಬೇಡಿ. ಅದರ ಹಿಂದೆ ಒಂದು ಹಳೇ ಒಪ್ಪಂದ ಇದೆ.

ನಮ್ಮ ದಕ್ಷಿಣ ಕನ್ನಡ ಜಿಲ್ಲೆ (ಉಡುಪಿಯೂ ಆಗ ಅದರಲ್ಲೇ) 1956ರವರೆಗೆ ಮದ್ರಾಸಿಗೆ ಸೇರಿತ್ತು. ಸರಕಾರಿ ರಸ್ತೆ, ಸೇತುವೆಗಳ ಮೇಲೆ ಟೋಲ್ ಎತ್ತಲು ಈಸ್ಟ್ ಇಂಡಿಯಾ ಕಂಪನಿ ಸರಕಾರ 1851ರಲ್ಲೇ ಕಾಯ್ದೆ ಮಾಡಿತ್ತು. ಆಮೇಲೆ ಮದ್ರಾಸಿನ ಸ್ಥಳೀಯ ಬೋರ್ಡು, ಮುನ್ಸಿಪಾಲಿಟಿಗಳೂ ಗೇಟು ಹಾಕಿ ವಸೂಲಿ ಮಾಡಿದವು. ಮೋಟಾರು ಬಂದ ಮೇಲೆ ಇದು ಕಿರಿಕಿರಿಯಾಯಿತು. ಊರಿಗೊಂದು ಗೇಟಿನಲ್ಲಿ ಬಸ್ಸು ನಿಲ್ಲಿಸುತ್ತಾ ಹೋದರೆ ತಲುಪುವುದು ಯಾವಾಗ? 1931ರಲ್ಲಿ ಮದ್ರಾಸ್ ಸರಕಾರ ಮೋಟಾರು ವಾಹನ ತೆರಿಗೆ ಕಾಯ್ದೆ ತಂದಿತು: ಗಾಡಿಯವರು ತೆರಿಗೆಯನ್ನು ಸರಕಾರಕ್ಕೆ ಕಟ್ಟಬೇಕು, ಸ್ಥಳೀಯ ಸಂಸ್ಥೆಗಳು ಮೋಟಾರಿನ ಮೇಲೆ ಹಾಕುತ್ತಿದ್ದ ಟೋಲ್ ನಿಲ್ಲಿಸಬೇಕು, ಅವುಗಳಿಗೆ ಆಗುವ ನಷ್ಟವನ್ನು ಸರಕಾರ ತುಂಬಿಕೊಡಬೇಕು. ಅಂದರೆ ನಮ್ಮ ಕಡೆ ವಾಹನ ತೆರಿಗೆ ಬಂದದ್ದೇ ಟೋಲಿನ ಬದಲಿಗೆ.

ಟೋಲೇನೂ ಬ್ರಿಟಿಷರು ತಂದದ್ದಲ್ಲ ಬಿಡಿ. ನಮ್ಮ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ ಅಂತ ಸುಂಕಗಳ ಹೆಸರು ಧಾರಾಳವಾಗಿ ಸಿಗುತ್ತವೆ. ಬಜ್ಪೆ ಹತ್ತಿರದ ಸುಂಕದಕಟ್ಟೆಗೆ ಇವತ್ತಿಗೂ ಅದೇ ಹೆಸರು. ಆದರೆ ಹಳೇ ಸುಂಕ ಹೆಚ್ಚಾಗಿ ಸರಕಿನ ಮೇಲೆ. ರಸ್ತೆ ರಿಪೇರಿಯ ಖರ್ಚನ್ನು ಅದರಲ್ಲಿ ಓಡಾಡುವವರಿಂದಲೇ ಎತ್ತುವ ಪದ್ಧತಿ ಬೆಳೆದದ್ದು ಇಂಗ್ಲೆಂಡಿನಲ್ಲಿ, 1663ರಿಂದ ಈಚೆಗೆ. ಅಲ್ಲಿ ಟ್ರಸ್ಟ್ ಅನ್ನುವ ಸ್ಥಳೀಯ ಮಂಡಳಿಗಳು ಟೋಲ್ ಎತ್ತಿ ರಸ್ತೆ ನೋಡಿಕೊಳ್ಳುತ್ತಿದ್ದವು. 18ನೇ ಶತಮಾನದ ಕಾನೂನು ಅವುಗಳ ಮೇಲೆ ಒಂದು ಹೊಣೆಯನ್ನೂ ಹೊರಿಸಿತು: ದುಡ್ಡು ತೆಗೆದುಕೊಳ್ಳುತ್ತೀರಾ, ಹಾಗಾದರೆ ಮೈಲಿಗೊಂದು ಕಲ್ಲು ನೆಡಿ. ಬಾಡಿಗೆ ಕುದುರೆಯವನು ಎಷ್ಟು ದೂರಕ್ಕೆ ಎಷ್ಟು ಕೇಳುತ್ತಾನೆ ಅಂತ ಪ್ರಯಾಣಿಕನಿಗೆ ಗೊತ್ತಾಗಬೇಕಲ್ವಾ?

ಜಗಳವೂ ಅಲ್ಲಿಯದೇ ದೊಡ್ಡದು. ವೇಲ್ಸ್‌ನಲ್ಲಿ ರೈತರು ಗದ್ದೆಗೆ ಸುಣ್ಣ ತರಲು ಒಂದೇ ದಾರಿಯಲ್ಲಿ ಗೇಟಿನ ಮೇಲೆ ಗೇಟು ದಾಟಿ ದುಡ್ಡು ಕೊಡಬೇಕಿತ್ತು. 1839ರಿಂದ 1843ರವರೆಗೆ ಗಂಡಸರೇ ಹೆಂಗಸರ ಉಡುಪು ಹಾಕಿಕೊಂಡು ರಾತ್ರಿ ಬಂದು ಗೇಟುಗಳನ್ನು ಮುರಿದರು. ರೆಬೆಕಾ ದಂಗೆ ಅಂತಲೇ ಅದರ ಹೆಸರು. 1844ರಲ್ಲಿ ಸರಕಾರ ಕಾಯ್ದೆ ಬದಲಿಸಿ ಹೊರೆ ಇಳಿಸಿತು. ಟ್ರಸ್ಟ್‌ಗಳ ಕಥೆ ಮುಗಿಸಿದ್ದು ಮಾತ್ರ ರೈಲು.

ನಮ್ಮಲ್ಲಿ ಮೈಲುಗಲ್ಲು ಹೋಗಿ ಕಿಲೋಮೀಟರ್ ಕಲ್ಲು ಬಂದದ್ದು 1956ರ ಅಳತೆ ಕಾಯ್ದೆಯ ನಂತರ. 

1990ರ ದಶಕದಲ್ಲಿ ಹೆದ್ದಾರಿ ಕಟ್ಟಲು ಸರಕಾರಕ್ಕೆ ಖಾಸಗಿ ಹಣ ಬೇಕಾಯಿತು. 1995ರಲ್ಲಿ ರಾಷ್ಟ್ರೀಯ ಹೆದ್ದಾರಿ ಕಾಯ್ದೆಗೆ ತಿದ್ದುಪಡಿ ತಂದರು, ಟೋಲ್ ವಾಪಸ್ ಬಂತು. ರೋಡ್ ಟ್ಯಾಕ್ಸ್ ಮಾತ್ರ ಹೋಗಲಿಲ್ಲ. ತೆರಿಗೆ ರಾಜ್ಯದ್ದು, ಹೆದ್ದಾರಿ ಕೇಂದ್ರದ್ದು ಅಂತ ಸಮಜಾಯಿಷಿ ಕೊಡಬಹುದು. ಜನರ ಜೇಬು ಒಂದೇ ಅಲ್ವಾ?

ರಾಷ್ಟ್ರೀಯ ಹೆದ್ದಾರಿ ಟೋಲ್ ಬಗೆಗಿನ 2008ರ ನಿಯಮದ ಪ್ರಕಾರ ಒಂದೇ ಹೆದ್ದಾರಿಯಲ್ಲಿ ಎರಡು ಟೋಲ್‌ಗಳ ನಡುವೆ ಸಾಮಾನ್ಯವಾಗಿ 60 ಕಿ.ಮೀ. ಇರಬೇಕು, ವಿನಾಯಿತಿಗಳೂ ಇವೆ. ಮಂಗಳೂರಿನ ಸುರತ್ಕಲ್ ಟೋಲ್‌ನಿಂದ ಉಡುಪಿ ಜಿಲ್ಲೆಯ ಹೆಜಮಾಡಿ ಟೋಲ್‌ಗೆ 20 ಕಿ.ಮೀ. ಕೂಡ ಇಲ್ಲ. ಆದರೂ ಸುರತ್ಕಲ್‌ನಲ್ಲಿ ಬಂದರು ಸಂಪರ್ಕ ರಸ್ತೆಯ ಹೆಸರಲ್ಲಿ, ಹೆಜಮಾಡಿಯಲ್ಲಿ ಚತುಷ್ಪಥದ ಹೆಸರಲ್ಲಿ ಬೇರೆ ಬೇರೆ ವಸೂಲಿ ನಡೆಯಿತು. ಕಾಗದದಲ್ಲಿ ಯೋಜನೆ ಎರಡು, ಕಾರಿನವನಿಗೆ ರಸ್ತೆ ಒಂದೇ. 2022ರ ಅಕ್ಟೋಬರ್ 18ರಂದು ಜನ ಸುರತ್ಕಲ್ ಗೇಟಿಗೇ ನುಗ್ಗಿದರು, ಆಮೇಲೆ ಹಗಲೂ ರಾತ್ರಿ ಧರಣಿ ಕೂತರು. ಡಿಸೆಂಬರ್ 1ರಿಂದ ಸುರತ್ಕಲ್ ವಸೂಲಿ ನಿಂತಿತು.

ನಿಂತಿತು ಅಂದರೆ ಪೂರ್ತಿ ಅಲ್ಲ. ಹೆದ್ದಾರಿ ಟೋಲ್ ಲೆಕ್ಕ ಹಾಕುವುದು ಈಗಲೂ ಕಿಲೋಮೀಟರಿಗೆ ಇಷ್ಟು ಅಂತಲೇ. 2008ರ ನಿಯಮದಲ್ಲಿ ಕಾರಿಗೆ ಮೂಲ ದರ ಕಿ.ಮೀ.ಗೆ 65 ಪೈಸೆ, ವರ್ಷ ವರ್ಷ ಏರುತ್ತದೆ. ಗೇಟು ತೆಗೆದರೂ ಆ ಕಿಲೋಮೀಟರುಗಳನ್ನು ಯಾರ ಲೆಕ್ಕಕ್ಕಾದರೂ ಹಾಕಬೇಕಲ್ಲ, ಸುರತ್ಕಲ್‌ನ ಪಾಲನ್ನೂ ಹೆಜಮಾಡಿಯಲ್ಲೇ ಎತ್ತಲು ಆದೇಶ ಹೊರಟಿತು. ಈ ಬಾರಿ ಬೀದಿಗಿಳಿಯುವ ಸರದಿ ಉಡುಪಿಯವರದ್ದಾಯಿತು.